ವಿಜಾಪುರ ಜಿಲ್ಲೆಯ ಉಪಗ್ರಹ ದೂರದರ್ಶನ: ಕೊಟ್ಟವರು ಏಕೆ ಕೊಟ್ಟರು?



ಮಹಾಕೂಟದ ವಿಷ್ಣು ಪುಷ್ಕರಿಣಿಯ ಸೋಪಾನದ ಮೇಲೆ ಒಂದು ಸಾಯಂಕಾಲ ನಾವು ಕುಳಿತಿದ್ದಾಗ ಹಿರಿಯ ಭಕ್ತರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು. ಅವರು ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಪ್ರಾಥಮಿಕ ಶಾಲೆಯ ಗುರುಗಳಾಗಿ ಸೇವೆ ಸಲ್ಲಿಸಿ ನಿವೃತ್ತರಾದವರು. 1975ರಲ್ಲಿ ಅವರಿನ್ನೂ ಮೀಸೆ ಚಿಗುರುತ್ತಿದ್ದ ತರುಣರು. ಅಖಂಡ ವಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೌಕರಿ. ಆ ಹಳ್ಳಿಯ ಶಾಲೆಗೆ ಸರಕಾರದವರು ದೂರದರ್ಶನದ ಪೆಟ್ಟಿಗೆಯೊಂದನ್ನು ತಂದಿಟ್ಟು, ಹೊರಗೆ ತಂತಿಬಲೆಯ ದೊಡ್ಡದೊಂದು ಕೊಡೆಯನ್ನು ಮುಗಿಲಿಗೆ ಮುಖಮಾಡಿ ನಿಲ್ಲಿಸಿದರಂತೆ. ಸಂಜೆಯಾದೊಡನೆ ಪೆಟ್ಟಿಗೆಯ ಬೀಗ ತೆಗೆಯುವ ಕೆಲಸ ಈ ತರುಣ ಗುರುಗಳದು. ಊರಿಗೆ ಊರೇ ಕೂಡುತ್ತಿತ್ತು. ಒಂದು ವರ್ಷ ನಡೆಯಿತು. ಬಳಿಕ ಒಂದು ಸಂಜೆ ಬೀಗ ತೆಗೆದರೆ ಪೆಟ್ಟಿಗೆಯಲ್ಲಿ ಚಿತ್ರವಿಲ್ಲ; ಬರಿಯ ಕಣಗಳ ಕುಣಿತ. ಮರುದಿನವೂ ಅಷ್ಟೇ.

“ಅಪ್ಪಾರ, ಅಮೆರಿಕಾದವ್ರು ನಮ್ಮ ಹಳ್ಳಿಗೆ ಯಾಕ ಟೀವಿ ಕೊಟ್ರು? ನಾವೇನು ಅವರ ಬೀಗರ? ಕೊಟ್ಟವ್ರು ವರ್ಷ ತುಂಬೂದ್ರಾಗ ಮತ್ತ ಯಾಕ ಒಯ್ದ್ರು?” ಎಂದು ಅವರು ಕೇಳಿದರು.

ಐವತ್ತು ವರ್ಷಗಳ ಕಾಲ ಆ ಪ್ರಶ್ನೆ ಅವರ ಮನದಲ್ಲಿ ಉಳಿದುಬಂದಿತ್ತೆಂಬುದನ್ನು ಕಂಡು ನಮಗೆ ಆಶ್ಚರ್ಯವೆನಿಸಿತು. ಆಗ ಬಾಯಿಗೆ ಬಂದ ಉತ್ತರವನ್ನೇನೋ ಕೊಟ್ಟೆವು. ಮಠಕ್ಕೆ ಮರಳಿ ಯೋಚಿಸಿದಾಗ ಆ ಉತ್ತರ ಸಾಲದೆನಿಸಿತು. ಧಾರವಾಡದಲ್ಲಿ ಇತಿಹಾಸವನ್ನು ವ್ಯಾಸಂಗ ಮಾಡಿದ ನಮಗೆ ಚಾಲುಕ್ಯರ ರಾಜನೀತಿ ತಿಳಿದಿದ್ದಷ್ಟು ನಮ್ಮ ಬಾಲ್ಯದಲ್ಲೇ ನಮ್ಮ ಜಿಲ್ಲೆಯ ಮೇಲೆ ಹಾದುಹೋದ ಈ ರಾಜನೀತಿ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇನೂ ಇಲ್ಲ. ಆಮೇಲೆ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತಿದ್ದೇವೆ.

ಚಾಲುಕ್ಯರ ಮಾತು ಬಂದುದರಿಂದ ಅಲ್ಲಿಂದಲೇ ಆರಂಭಿಸಬಹುದು. ನಾವು ಕುಳಿತಿದ್ದ ಆ ಕ್ಷೇತ್ರದಲ್ಲಿಯೇ ಒಂದು ಕಾಲಕ್ಕೆ ಚಾಲುಕ್ಯ ಮಂಗಲೇಶನ ಶಾಸನಸ್ತಂಭವಿತ್ತು. ಕೆಂಪು ಮರಳುಗಲ್ಲಿನ ಆ ಕಂಬವನ್ನು ಇಂದು ನೋಡಬೇಕೆಂದರೆ ಮಹಾಕೂಟಕ್ಕಲ್ಲ, ವಿಜಯಪುರದ ಗೋಳಗುಮ್ಮಟದ ಆವರಣದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. (ಯಾತ್ರೆಗೆ ಬಂದವರಲ್ಲಿ ನೂರಕ್ಕೊಬ್ಬರೂ ಅದನ್ನು ನೋಡಿರುವುದಿಲ್ಲವೆಂಬುದು ನಮ್ಮ ಅನುಭವ.) ಫ್ಲೀಟ್ ಮಹಾಶಯರು ಓದಿ ಪ್ರಕಟಿಸಿದ ಆ ಸಂಸ್ಕೃತ ಶಾಸನದಲ್ಲಿ ಮಂಗಲೇಶನ ಅಣ್ಣ ಒಂದನೆಯ ಕೀರ್ತಿವರ್ಮನು ಅಂಗ, ವಂಗ, ಕಳಿಂಗ, ಮಗಧ, ಕೇರಳ, ಗಂಗ, ಪಾಂಡ್ಯ ಮೊದಲಾದವರನ್ನು ಗೆದ್ದನೆಂಬ ಪ್ರಶಂಸೆಯಿದೆ. ಅನಂತರ ಮಂಗಲೇಶನ ಸಂಕಲ್ಪ ಬರುತ್ತದೆ. ಅವನಿಗೆ ಉತ್ತರ ದಿಕ್ಕನ್ನು ಗೆದ್ದು ಭಾಗೀರಥಿಯ ದಡದಲ್ಲಿ ತನ್ನ ಪ್ರತಾಪದ ಜಯಸ್ತಂಭವನ್ನು ನೆಡುವ ಬಯಕೆ. ಅದಕ್ಕೂ ಮುನ್ನ ಧರ್ಮದ ಜಯಸ್ತಂಭವೊಂದನ್ನು ಇಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸುತ್ತಾನೆ; ಸೋತ ಕಲಚೂರಿ ಬುದ್ಧರಾಜನ ಸಂಪತ್ತು ಮಕುಟೇಶ್ವರನಾಥನ ಸೇವೆಗೆ ವಿನಿಯೋಗವಾಗುತ್ತದೆ; ಹತ್ತು ಗ್ರಾಮಗಳು ದೇವರಿಗೆ ದತ್ತಿಯಾಗುತ್ತವೆ.

ಇದು ಭಕ್ತಿಯೋ ರಾಜನೀತಿಯೋ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಎರಡೂ ಹೌದು. ಮಕುಟೇಶ್ವರನಿಗೆ ಸಂದ ಹತ್ತು ಗ್ರಾಮಗಳ ಫಲ ನಿಜವಾಗಿ ಸಂದಿತು. ಆ ಕಂಬವನ್ನು ನೋಡಿದ ಸಾಮಂತನಿಗೆ ಬಾದಾಮಿಯ ದೊರೆ ಯಾರನ್ನು ಸೋಲಿಸಿದನೆಂಬುದೂ ನಿಜವಾಗಿ ತಿಳಿಯಿತು. ಮಂಗಲೇಶನ ಅಣ್ಣನ ಮಗ ಇಮ್ಮಡಿ ಪುಲಕೇಶಿಯ ಕಾಲಕ್ಕೆ ಈ ನಾಡಿನ ಸಂಪರ್ಕ ಸಮುದ್ರದಾಚೆಗೂ ಚಾಚಿತು. ಪರ್ಷಿಯಾದ ದೊರೆ ಎರಡನೆಯ ಖುಸ್ರೊನೊಡನೆ ಪತ್ರ ಮತ್ತು ಕಾಣಿಕೆಗಳನ್ನು ವಿನಿಮಯ ಮಾಡಿದ ಭಾರತದ ರಾಜನೊಬ್ಬನನ್ನು ಇತಿಹಾಸಕಾರ ತಬರಿ ಉಲ್ಲೇಖಿಸಿದ್ದು, ಆತನು ಪುಲಕೇಶಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ದೂರದ ರಾಜನಿಗೆ ಕಾಣಿಕೆ ಕಳುಹುವವನು ಆ ರಾಜನ ನೆರೆಯವರ ಮೇಲೂ ಒಂದು ಕಣ್ಣಿಟ್ಟಿರುತ್ತಾನೆ. ಈ ತಿಳಿವಳಿಕೆಯೊಂದಿಗೆ 1975ಕ್ಕೆ ಬರೋಣ.

ಮೊದಲು ನಮ್ಮ ಗುರುಗಳ ಪ್ರಶ್ನೆಯಲ್ಲಿದ್ದ ಒಂದು ತಪ್ಪನ್ನು ತಿದ್ದಬೇಕು. ಅಮೆರಿಕದವರು ಟೀವಿಯನ್ನು ಕೊಡಲಿಲ್ಲ. ಪೆಟ್ಟಿಗೆ ನಮ್ಮದು, ತಂತಿಬಲೆಯ ಕೊಡೆ ನಮ್ಮದು, ಅಹಮದಾಬಾದಿನಿಂದ ಚಿತ್ರವನ್ನು ಮೇಲಕ್ಕೆ ಕಳಿಸುತ್ತಿದ್ದ ಭೂಕೇಂದ್ರ ನಮ್ಮದು, ಕಾರ್ಯಕ್ರಮಗಳೂ ನಮ್ಮವೇ. ಅವರು ಎರವಲು ಕೊಟ್ಟಿದ್ದು ಮುಗಿಲಿನಲ್ಲಿದ್ದ ಉಪಗ್ರಹವನ್ನು ಮಾತ್ರ. ಅದರ ಹೆಸರು ಎಟಿಎಸ್-6. ಅಮೆರಿಕದ ನಾಗರಿಕ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಅದನ್ನು 1974ರ ಮೇ 30ರಂದು ಹಾರಿಸಿತ್ತು. ಛತ್ರಿಯಂತೆ ಬಿಚ್ಚಿಕೊಳ್ಳುವ ಸುಮಾರು 9 ಮೀಟರು ಅಗಲದ ಅದರ ಆಂಟೆನಾ ಅಂದಿನ ಮಟ್ಟಿಗೆ ಒಂದು ಅದ್ಭುತ. ಆಕಾಶದಲ್ಲಿ ಆಂಟೆನಾ ದೊಡ್ಡದಿದ್ದರೆ ನೆಲದ ಮೇಲಿನ ಕೊಡೆ ಸಣ್ಣದಿದ್ದರೂ ಸಾಗುತ್ತದೆ. 3 ಮೀಟರಿನ ಅಗ್ಗದ ತಂತಿಬಲೆಯಲ್ಲಿ 36,000 ಕಿಲೋಮೀಟರು ಎತ್ತರದಿಂದ ಬಂದ ಚಿತ್ರವನ್ನು ಹಿಡಿಯಲು ಸಾಧ್ಯವಾದದ್ದರ ಗುಟ್ಟು ಇದು.

ಈ ಪ್ರಯೋಗಕ್ಕೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವೆಂದು ಹೆಸರು. ‘ಸೈಟ್’ ಎಂಬುದು ಅದರ ಇಂಗ್ಲಿಷ್ ಹ್ರಸ್ವರೂಪ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಇದು ನಡೆಯಿತು. ರಾಜಸ್ಥಾನ, ಬಿಹಾರ, ಒರಿಸ್ಸಾ, ಮಧ್ಯಪ್ರದೇಶ, ಆಂಧ್ರಪ್ರದೇಶಗಳೊಡನೆ ಆರನೆಯದು ಕರ್ನಾಟಕ. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಯಾವುವೆಂದು ಬಲ್ಲಿರಾ? ಗುಲಬರ್ಗಾ, ರಾಯಚೂರು ಮತ್ತು ನಮ್ಮ ವಿಜಾಪುರ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಅಂದು ಈ ವಿಜಾಪುರ ಜಿಲ್ಲೆಯೊಳಗಿದ್ದವು; ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಿಂದುಳಿದ ಸೀಮೆಯೆಂದು ನಮ್ಮನ್ನು ಕರೆಯುವವರು ಇದನ್ನು ನೆನಪಿಡಬೇಕು: ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಬರಗಾಲದ ನಾಡಿನ ರೈತರು ಹಗಲೆಲ್ಲ ಹೊಲದಲ್ಲಿ ದುಡಿದು, ಸಂಜೆ ಕಂಬಳಿ ಹೊದ್ದು ಕುಳಿತು ಉಪಗ್ರಹದಿಂದ ನೇರವಾಗಿ ಬಂದ ಕನ್ನಡ ಮಾತನ್ನು ಕೇಳಿದ್ದರು.

ಬೆಳಗಿನ ಹೊತ್ತು ಶಾಲಾಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರವರಿಗೆ ಎರಡೂವರೆ ಗಂಟೆ. ಒಕ್ಕಲುತನ, ಆರೋಗ್ಯ, ಕುಟುಂಬಯೋಜನೆ, ಜೊತೆಗೆ ಹಾಡು ಕುಣಿತ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ಸಿದ್ಧವಾಗುತ್ತಿದ್ದವು. ಒಂದು ಚಿತ್ರಕ್ಕೆ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಡು ಆ ಉಪಗ್ರಹದಲ್ಲಿತ್ತು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಇದೇ ಮೂಲಕ ಕೊಡಲಾಯಿತು. ಆರು ರಾಜ್ಯಗಳಲ್ಲಿ ಸುಮಾರು ಐವತ್ತು ಸಾವಿರ ಶಿಕ್ಷಕರು ಅದರ ಪ್ರಯೋಜನ ಪಡೆದರು. ನಮ್ಮ ಗುರುಗಳೂ ಅವರಲ್ಲೊಬ್ಬರು. ಗಾಳಿಯ ಒತ್ತಡವನ್ನು ತೋರಿಸಲು ತುಂಬಿದ ಲೋಟದ ಮೇಲೆ ಕಾಗದವಿಟ್ಟು ಬೋರಲು ಹಾಕುವ ಪ್ರಯೋಗವನ್ನು ತಾವು ಆ ಪೆಟ್ಟಿಗೆ ನೋಡಿಯೇ ಕಲಿತದ್ದೆಂದು, ನಿವೃತ್ತಿಯಾಗುವವರೆಗೆ ಪ್ರತಿವರ್ಷ ಅದನ್ನು ಮಕ್ಕಳಿಗೆ ಮಾಡಿ ತೋರಿಸಿದೆನೆಂದು ಅವರು ಹೇಳಿದರು. ದೊಡ್ಡ ದೊಡ್ಡ ವರದಿಗಳಲ್ಲಿ ಬರುವ ಅಂಕಿಸಂಖ್ಯೆಗಳಿಗಿಂತ ಈ ಒಂದು ಲೋಟದ ಕಥೆ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು.

ಇರಲಿ. ಈಗ ಮೂಲ ಪ್ರಶ್ನೆ: ಏಕೆ ಕೊಟ್ಟರು?

1962ರಲ್ಲಿ ಚೀನದೊಡನೆ ಯುದ್ಧವಾಗಿ ನಾವು ಪೆಟ್ಟು ತಿಂದದ್ದು ಸರ್ವವಿದಿತ. 1964ರ ಅಕ್ಟೋಬರ್ 16ರಂದು ಚೀನವು ತನ್ನ ಪ್ರಥಮ ಪರಮಾಣು ಬಾಂಬನ್ನು ಸಿಡಿಸಿತು. ಭಾರತವೂ ಬಾಂಬು ಮಾಡಬೇಕೆಂಬ ಕೂಗು ನಮ್ಮ ಸಂಸತ್ತಿನಲ್ಲಿ ಎದ್ದಿತು. ಇದನ್ನು ಕಂಡು ವಾಷಿಂಗ್ಟನ್ನಿನಲ್ಲಿ ಚಿಂತೆ ಹತ್ತಿತು. ಒಂದಾದ ಮೇಲೊಂದು ದೇಶ ಬಾಂಬಿನ ಹಾದಿ ಹಿಡಿದರೆ ಗತಿಯೇನು? ಬಾಂಬಿನಿಂದ ದೊರೆಯುವ ಪ್ರತಿಷ್ಠೆಯನ್ನು ಭಾರತಕ್ಕೆ ಬೇರೊಂದು ಮಾರ್ಗದಿಂದ ದೊರಕಿಸಿಕೊಟ್ಟರೆ ಹೇಗೆ? ಏಷ್ಯದ ಕಣ್ಣಿನಲ್ಲಿ ಚೀನಕ್ಕೆ ಸರಿಸಾಟಿಯಾಗಿ ಭಾರತವು ವಿಜ್ಞಾನದಲ್ಲಿ ಬೆಳಗಿದರೆ ಬಾಂಬಿನ ಆಸೆ ತಗ್ಗಬಹುದಲ್ಲವೆ? ಅಮೆರಿಕದ ವಿದೇಶಾಂಗ ಇಲಾಖೆ ಮತ್ತು ನಾಸಾಗಳ ನಡುವೆ ಈ ವಿಚಾರವಾಗಿ ಆಲೋಚನೆ ನಡೆಯಿತೆಂಬುದು ಅನಂತರ ಹೊರಬಿದ್ದ ಕಾಗದಪತ್ರಗಳಿಂದ ಸ್ಪಷ್ಟವಾಗಿದೆ. ನಾಗರಿಕ ಬಾಹ್ಯಾಕಾಶ ಸಹಕಾರವು ಆ ಆಲೋಚನೆಯಿಂದ ಬಲ ಪಡೆಯಿತು. ನಾಸಾದ ವಿದೇಶ ವ್ಯವಹಾರಗಳನ್ನು ನೋಡುತ್ತಿದ್ದ ಆರ್ನಲ್ಡ್ ಫ್ರುಟ್ಕಿನ್ ಎಂಬವರೂ ನಮ್ಮ ವಿಕ್ರಮ ಸಾರಾಭಾಯಿಯವರೂ ಕೂಡಿ ರೂಪಿಸಿದ ಯೋಜನೆಗೆ 1969ರ ಸೆಪ್ಟೆಂಬರ್ 18ರಂದು ಸಹಿ ಬಿತ್ತು. ಒಬ್ಬರಿಗೊಬ್ಬರು ಹಣ ಕೊಡುವಂತಿಲ್ಲ, ಅವರವರ ಪಾಲಿನ ಖರ್ಚು ಅವರವರದು ಎಂಬುದು ಕರಾರು.

ಇನ್ನೊಂದು ಲೆಕ್ಕಾಚಾರವೂ ಇತ್ತು. ಒಂದು ವರ್ಷ ಉಪಗ್ರಹದ ರುಚಿ ಕಂಡ ದೇಶ ಮುಂದೆ ತನ್ನದೇ ಆದ ಉಪಗ್ರಹವನ್ನು ಬಯಸುತ್ತದೆ. ಅದನ್ನು ಕಟ್ಟಿಕೊಡುವವರು ಯಾರು? 1978ರಲ್ಲಿ ಇನ್ಸಾಟ್-1 ಸರಣಿಯ ಉಪಗ್ರಹಗಳನ್ನು ಕಟ್ಟುವ ಗುತ್ತಿಗೆ ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿಗೆ ದೊರೆಯಿತು. ಸಂತೆಯಲ್ಲಿ ಬೆಲ್ಲದ ಚೂರನ್ನು ಅಂಗೈಯಲ್ಲಿಟ್ಟು ರುಚಿ ನೋಡಿರೆನ್ನುವ ವ್ಯಾಪಾರಿಯನ್ನು ನಾವೆಲ್ಲ ಕಂಡಿದ್ದೇವಷ್ಟೆ.

ಹಾಗಾದರೆ ಸಾರಾಭಾಯಿಯವರು ಮೋಸಹೋದರೆ? ಖಂಡಿತ ಇಲ್ಲ. ಅವರಿಗೂ ತಮ್ಮ ಲೆಕ್ಕವಿತ್ತು. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬಲ್ಲಿಂದ ಹಾರಿದ ಮೊದಲ ರಾಕೆಟ್ಟು ಅಮೆರಿಕದ್ದು. ಅದರೊಳಗಿನ ಉಪಕರಣ ಫ್ರಾನ್ಸಿನದು. ಸೋವಿಯತ್ ಒಕ್ಕೂಟದ ನೆರವೂ ಅಲ್ಲಿತ್ತು. 1968ರಲ್ಲಿ ಆ ನೆಲೆಯನ್ನು ವಿಶ್ವಸಂಸ್ಥೆಗೆ ಸಮರ್ಪಿಸಲಾಯಿತು. ಯಾರೊಬ್ಬರಿಗೂ ಕಟ್ಟುಬೀಳದೆ ಎಲ್ಲರಿಂದ ಕಲಿಯುವ ಜಾಣತನವದು. ಸೈಟ್ ಪ್ರಯೋಗದಲ್ಲಿ ನೆಲದ ಮೇಲಿನ ಕೆಲಸವನ್ನೆಲ್ಲ ನಾವೇ ಮಾಡುತ್ತೇವೆಂದು ಹಟಹಿಡಿದುದರಿಂದ ಸಾವಿರಾರು ಪೆಟ್ಟಿಗೆಗಳನ್ನು ಹಳ್ಳಿಗಾಡಿನಲ್ಲಿ ಸುಸ್ಥಿತಿಯಲ್ಲಿಡುವ ವಿದ್ಯೆ ನಮ್ಮ ಎಂಜಿನಿಯರರಿಗೆ ಕರಗತವಾಯಿತು. ಸಾರಾಭಾಯಿಯವರು ಮಾತ್ರ ಇದನ್ನು ನೋಡಲು ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇಲ್ಲಿ ದಿನಾಂಕಗಳನ್ನು ತುಸು ಗಮನಿಸಬೇಕು. 1974ರ ಮೇ 18ರಂದು ಪೋಖರಣದಲ್ಲಿ ಭಾರತವು ಪರಮಾಣು ಸ್ಫೋಟ ನಡೆಸಿತು. ಯಾವ ಬಾಂಬಿನ ಆಸೆಯನ್ನು ತಗ್ಗಿಸಲೆಂದು ಈ ಸಹಕಾರ ಬಲ ಪಡೆದಿತ್ತೋ ಅದೇ ಆಗಿಹೋಯಿತು. ಕೆನಡಾ ಪರಮಾಣು ಸಹಕಾರವನ್ನು ಕಡಿದುಕೊಂಡಿತು. ಪೋಖರಣವಾದ ಹನ್ನೆರಡನೆಯ ದಿನ ಎಟಿಎಸ್-6 ಆಕಾಶಕ್ಕೆ ಏರಿತು. ಅಮೆರಿಕ ತನ್ನ ಮಾತನ್ನು ಮುರಿಯಲಿಲ್ಲ. ಮರುವರ್ಷ ಉಪಗ್ರಹವನ್ನು ಪೂರ್ವ ಆಫ್ರಿಕದ ನೆತ್ತಿಗೆ ಸರಿಸಲಾಯಿತು. 1975ರ ಜುಲೈಯಲ್ಲಿ ಅಮೆರಿಕದ ಅಪೊಲೊ ನೌಕೆಯೂ ಸೋವಿಯತರ ಸೊಯೂಝ್ ನೌಕೆಯೂ ಅಂತರಿಕ್ಷದಲ್ಲಿ ಕೂಡಿಕೊಂಡು, ಪರಸ್ಪರ ವೈರಿಗಳಾದ ಎರಡು ದೇಶಗಳ ಯಾತ್ರಿಕರು ಕೈಕುಲುಕಿದರಲ್ಲವೆ? ಆ ಯಾತ್ರೆಯ ಸಂಕೇತಗಳನ್ನು ಭೂಮಿಗೆ ತಲುಪಿಸಿದ ಉಪಗ್ರಹವೂ ಇದೇ ಎಟಿಎಸ್-6! ಅದಾದ ಒಂದೆರಡು ವಾರದಲ್ಲಿ ಅದೇ ಆಂಟೆನಾ ನಮ್ಮ ವಿಜಾಪುರದ ಹಳ್ಳಿಗಳತ್ತ ತಿರುಗಿತು. ಮಹಾಶಕ್ತಿಗಳ ಸಂಧಾನಕ್ಕೂ ನಮ್ಮ ರೈತನ ಜೋಳದ ಬೆಳೆಗೂ ಒಂದೇ ಯಂತ್ರ ದುಡಿದ ಈ ಸಂಗತಿಯನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಕ್ಷಣಕಾಲ ಸುಮ್ಮನೆ ಕುಳಿತೆವು.

ನಮ್ಮ ಸರಕಾರದ ಕಡೆಯಿಂದಲೂ ನಿಷ್ಠುರವಾದ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಇಂದಿರಾ ಗಾಂಧಿಯವರು ಅಹಮದಾಬಾದಿನಲ್ಲಿ ಸೈಟ್ ಪ್ರಯೋಗವನ್ನು ಉದ್ಘಾಟಿಸಿದ ದಿನಕ್ಕೆ ತುರ್ತುಪರಿಸ್ಥಿತಿ ಘೋಷಣೆಯಾಗಿ ಐದೇ ವಾರ ಕಳೆದಿತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದ ಕಾಲದಲ್ಲಿ ಸರಕಾರದ ಒಂದೇ ಧ್ವನಿ ಮುಗಿಲಿನಿಂದ ನೇರವಾಗಿ ಹಳ್ಳಿಗೆ ಇಳಿಯಿತು. ಒಕ್ಕಲುತನದ ಪಾಠ ಕೇಳಿದ ರೈತನಿಗೆ ಉಪಕಾರವಾದದ್ದು ಸುಳ್ಳಲ್ಲ. ಆದರೆ ಎದುರು ಮಾತನಾಡಲು ಬಾರದ ಪೆಟ್ಟಿಗೆಯ ಮುಂದೆ ಊರು ಕೂಡುವುದು ಒಂದು. ಪ್ರಶ್ನೆ ಕೇಳಬಲ್ಲ ಅನುಭವಗೋಷ್ಠಿಯಲ್ಲಿ ಕೂಡುವುದು ಇನ್ನೊಂದು.

ಇನ್ನು ಏಕೆ ಒಯ್ದರು? ಒಂದೇ ವರ್ಷವೆಂದು ಕರಾರಿನಲ್ಲಿಯೇ ಇತ್ತು. ಅವಧಿ ಮುಗಿಯಿತು, ಉಪಗ್ರಹವನ್ನು ಮತ್ತೆ ಪಶ್ಚಿಮಕ್ಕೆ ಸರಿಸಿಕೊಂಡರು. ಪ್ರಯೋಗದ ಹಳ್ಳಿಗಳಲ್ಲಿ ಕೆಲವಕ್ಕಾದರೂ ಚಿತ್ರ ಮುಂದುವರಿಯಲೆಂದು 1977ರಲ್ಲಿ ಗುಲಬರ್ಗೆಯಲ್ಲಿ ನೆಲದ ಮೇಲಿನ ಪ್ರಸಾರ ಗೋಪುರವೊಂದು ಆರಂಭವಾಯಿತಾದರೂ ಅದರ ಶಕ್ತಿ ಸುತ್ತಲಿನ ಹಳ್ಳಿಗಳಿಗಷ್ಟೇ ಸೀಮಿತ. ವಿಜಾಪುರ ಜಿಲ್ಲೆಯ ನಮ್ಮ ಗುರುಗಳ ಪೆಟ್ಟಿಗೆಗೆ ಅದರ ಪ್ರಯೋಜನವಾಗಲಿಲ್ಲ. ಕರಾರಿಗೆ ಸಹಿ ಹಾಕಿದವರಿಗೆ ಅವಧಿ ಗೊತ್ತಿತ್ತು. ಬೀಗ ತೆಗೆಯುತ್ತಿದ್ದವರಿಗೆ, ಕಂಬಳಿ ಹಾಸಿ ಕುಳಿತವರಿಗೆ ಅದನ್ನು ಯಾರೂ ತಿಳಿಯುವಂತೆ ಹೇಳಲಿಲ್ಲ. ಐವತ್ತು ವರ್ಷ ಮಾಸದೆ ಉಳಿದ ನೋವು ಇದೇ ಎಂದು ನಮಗೆ ತೋರುತ್ತದೆ. ದಾಸೋಹದಲ್ಲಿ ಕೊಡುವವನು ತಾನು ಕೊಟ್ಟೆನೆಂಬುದನ್ನು ಮರೆಯಬೇಕು. ರಾಷ್ಟ್ರಗಳು ಹಾಗೆ ಮರೆಯುವುದಿಲ್ಲ, ಮರೆಯಬೇಕೆಂದು ನಾವು ನಿರೀಕ್ಷಿಸುವುದೂ ತಪ್ಪು. ಪಡೆಯುವವರಿಗೆ ಕರಾರಿನ ಸ್ವರೂಪವನ್ನು ತಿಳಿಸುವುದು ಮಾತ್ರ ನಮ್ಮ ನಮ್ಮ ಸರಕಾರಗಳ ಕರ್ತವ್ಯವಾಗಿತ್ತು.

ಅದೇ 1975ರ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ಆರ್ಯಭಟವು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಅವರದೇ ರಾಕೆಟ್ಟಿನ ಮೇಲೆ ಏರಿತ್ತು. 360 ಕಿಲೋಗ್ರಾಮಿನ ಆ ಉಪಗ್ರಹ ರೂಪುಗೊಂಡಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಕಟ್ಟಿದ ತಂಡದ ಮುಖ್ಯಸ್ಥರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರು. 1971ರ ಆಗಸ್ಟಿನಲ್ಲಿ ಭಾರತ-ಸೋವಿಯತ್ ಮೈತ್ರಿ ಒಪ್ಪಂದವಾಗಿತ್ತು. 1972ರ ಮೇ ತಿಂಗಳಲ್ಲಿ ಉಪಗ್ರಹದ ಒಪ್ಪಂದ. ಉಪಗ್ರಹಕ್ಕೆ ‘ಮಿತ್ರ’ ಎಂಬ ಹೆಸರೂ ಸೂಚಿತವಾಗಿತ್ತು. ಪ್ರಧಾನಿಯವರು ‘ಆರ್ಯಭಟ’ವನ್ನು ಆರಿಸಿದರು. ಮಿತ್ರನ ರಾಕೆಟ್ಟಿನ ಮೇಲೆ ಹೋದರೂ ಹೆಸರು ನಮ್ಮ ಗಣಿತಜ್ಞನದಿರಲೆಂಬ ಈ ಆಯ್ಕೆ ನಮಗೆ ಪ್ರಿಯವಾದದ್ದು. ಐದನೆಯ ದಿನವೇ ವಿದ್ಯುತ್ತಿನ ತೊಡಕಿನಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೂ ಎರಡು ರೂಪಾಯಿಯ ನೋಟಿನ ಬೆನ್ನ ಮೇಲೆ ಅದರ ಚಿತ್ರ ಬಹುಕಾಲ ನಮ್ಮೆಲ್ಲರ ಕಿಸೆಗಳಲ್ಲಿ ಓಡಾಡಿತು. ಹೀಗೆ ಒಂದೇ ವರ್ಷದಲ್ಲಿ ಅಮೆರಿಕದ ಉಪಗ್ರಹವೂ ರಷ್ಯದ ರಾಕೆಟ್ಟೂ ಭಾರತದ ಕೆಲಸಕ್ಕೆ ಒದಗಿದವು. ಅಲಿಪ್ತ ನೀತಿಯನ್ನು ಹೀಗಳೆಯುವವರು ಬಹಳ ಮಂದಿ. ಆಕಾಶದಲ್ಲಂತೂ ಅದು ಫಲ ಕೊಟ್ಟಿತು.

ಬೆಂಗಳೂರು ಬಾಹ್ಯಾಕಾಶದ ರಾಜಧಾನಿಯಾದ ಬಗೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಸಾರಾಭಾಯಿಯವರ ಅನಂತರ ಹೊಣೆ ಹೊರಲು ಸತೀಶ ಧವನರನ್ನು ಕೇಳಿದಾಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು. ಆ ಸ್ಥಾನವನ್ನು ಬಿಡುವುದಿಲ್ಲ, ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬುದು ಅವರ ಷರತ್ತು. ಗುರುಪೀಠವನ್ನು ಬಿಡಲೊಲ್ಲದ ಒಬ್ಬ ಪ್ರಾಧ್ಯಾಪಕರ ಹಟದಿಂದ ಕರ್ನಾಟಕಕ್ಕೆ ದೊರೆತ ಲಾಭವಿದು. 1982ರಲ್ಲಿ ಹಾಸನದಲ್ಲಿ ಇನ್ಸಾಟ್ ನಿಯಂತ್ರಣ ಕೇಂದ್ರ ಬಂದಿತು. 2008ರಲ್ಲಿ ಚಂದ್ರಯಾನಕ್ಕಾಗಿ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರಿನ ಆಂಟೆನಾ ಎದ್ದಿತು.

ನಾಗರಿಕ ಬಾಹ್ಯಾಕಾಶಕ್ಕೂ ರಕ್ಷಣೆಗೂ ನಡುವಣ ಗೋಡೆ ತೆಳುವಾದದ್ದೆಂಬುದನ್ನು ಮರೆಮಾಚಿ ಬರೆದರೆ ಇತಿಹಾಸಕ್ಕೆ ಅಪಚಾರವಾದೀತು. ಉಪಗ್ರಹವನ್ನೇರಿಸುವ ರಾಕೆಟ್ಟೂ ಬಾಂಬನ್ನು ಹೊರುವ ಕ್ಷಿಪಣಿಯೂ ಒಡಹುಟ್ಟಿದವು. 1980ರ ಜುಲೈ 18ರಂದು ರೋಹಿಣಿಯನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3ರ ಮೊದಲ ಹಂತವೇ 1989ರ ಮೇ 22ರಂದು ಪರೀಕ್ಷೆಗೊಂಡ ಅಗ್ನಿ ಕ್ಷಿಪಣಿಯ ಮೊದಲ ಹಂತವಾಯಿತು. ಎರಡರ ಹಿಂದೆಯೂ ಇದ್ದವರು ಅಬ್ದುಲ್ ಕಲಾಂ. ಅವರು 1963ರಲ್ಲಿ ತರಬೇತಿಗೆಂದು ಹೋಗಿದ್ದದ್ದು ಇದೇ ನಾಸಾಕ್ಕೆ! ಆದ್ದರಿಂದ ಪಾಶ್ಚಾತ್ಯರ ಸಂಶಯಕ್ಕೆ ಕಾರಣವೇ ಇರಲಿಲ್ಲವೆಂದು ನಾವು ವಾದಿಸಲಾರೆವು. ಆದರೆ ಆ ಸಂಶಯ ಬಿದ್ದ ಜಾಗ ಮಾತ್ರ ವಿಚಿತ್ರವಾದದ್ದು.

ಭಾರವಾದ ಉಪಗ್ರಹಗಳನ್ನು ಎತ್ತರದ ಕಕ್ಷೆಗೆ ಏರಿಸಲು ಅತಿಶೀತಲ ಎಂಜಿನು ಬೇಕು. ಕ್ರಯೋಜೆನಿಕ್ ಎಂದು ಅದಕ್ಕೆ ಹೆಸರು. ದ್ರವರೂಪದ ಜಲಜನಕ, ಆಮ್ಲಜನಕಗಳನ್ನು ಉರಿಸುವ ಈ ಎಂಜಿನಿನ ತಂತ್ರಜ್ಞಾನವನ್ನು ಕೊಳ್ಳಲು ಇಸ್ರೋ 1991ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದ ನಿಯಮ ಮುಂದೊಡ್ಡಿ ಅಮೆರಿಕ 1992ರ ಮೇ ತಿಂಗಳಲ್ಲಿ ಇಬ್ಬರ ಮೇಲೂ ಎರಡು ವರ್ಷದ ನಿರ್ಬಂಧ ಹೇರಿತು. ಅತಿಶೀತಲ ಇಂಧನವನ್ನು ತುಂಬಿಟ್ಟು ಕಾಯಲು ಬಾರದು. ಹಾರಿಸುವ ಮುನ್ನ ಗಂಟೆಗಟ್ಟಲೆ ಸಿದ್ಧತೆ ಬೇಕು. ವೈರಿಗೆ ಹೇಳಿಕೇಳಿ ಹಾರಿಸುವ ಕ್ಷಿಪಣಿಯನ್ನು ಯಾವ ಸೇನಾಪತಿ ಬಯಸುತ್ತಾನೆ? ಭದ್ರತೆಯ ಹೆಸರಿನಲ್ಲಿ ವ್ಯಾಪಾರದ ರಕ್ಷಣೆಯೂ ನಡೆಯಿತೆಂದು ಭಾವಿಸುವವರ ಮಾತಿನಲ್ಲಿ ತಥ್ಯವಿದೆಯೆಂಬುದು ನಮ್ಮ ಅಭಿಪ್ರಾಯ. ಸೋವಿಯತ್ ಒಕ್ಕೂಟ ಅಷ್ಟರಲ್ಲಿ ಒಡೆದುಹೋಗಿ, ಕಷ್ಟದಲ್ಲಿದ್ದ ರಷ್ಯ 1993ರಲ್ಲಿ ಮಣಿಯಿತು. ಸಿದ್ಧ ಎಂಜಿನುಗಳನ್ನು ಕೊಡಲು ಒಪ್ಪಿತು, ಮಾಡುವ ವಿದ್ಯೆಯನ್ನು ಕೊಡಲಿಲ್ಲ.

ವಿದ್ಯೆಯನ್ನು ನಮ್ಮವರೇ ಸಂಪಾದಿಸಬೇಕಾಯಿತು. 2010ರ ಏಪ್ರಿಲಿನಲ್ಲಿ ಸ್ವದೇಶಿ ಎಂಜಿನಿನ ಮೊದಲ ಹಾರಾಟ ವಿಫಲವಾಯಿತು. 2014ರ ಜನವರಿ 5ರಂದು ಕೈಗೂಡಿತು. ಕೇಳಿದೊಡನೆ ಒಬ್ಬ ಎಂಜಿನಿಯರನ ಯೌವನವೆಲ್ಲ ಕಳೆಯುವಷ್ಟು ದೀರ್ಘಕಾಲವಿದು. 1998ರ ಪೋಖರಣ ಪರೀಕ್ಷೆಗಳ ಅನಂತರ ಬಂದ ನಿರ್ಬಂಧಗಳಲ್ಲಿ ಇಸ್ರೋದ ಅಂಗಸಂಸ್ಥೆಗಳೂ ಸಿಲುಕಿದ್ದವು. ಅವುಗಳಲ್ಲಿ ಕೆಲವು ಆ ಪಟ್ಟಿಯಿಂದ ಹೊರಬಂದದ್ದು 2011ರ ಜನವರಿಯಲ್ಲಿ. ನಡುವೆ 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ನಾಸಾದ ಎರಡು ಉಪಕರಣಗಳಿದ್ದವು. ಚಂದ್ರನಲ್ಲಿ ನೀರಿನ ಅಂಶವನ್ನು ಗುರುತಿಸಿದ ಕೀರ್ತಿಯಲ್ಲಿ ಅವೂ ಪಾಲುಗೊಂಡವು. ಒಂದು ಕೈಯಲ್ಲಿ ನಿರ್ಬಂಧದ ಪಟ್ಟಿ, ಇನ್ನೊಂದು ಕೈಯಲ್ಲಿ ಉಪಕರಣದ ಪೆಟ್ಟಿಗೆ. ಬೀಗರ ಮನೆಗಳ ನಡುವೆ ಮಾತು ಬಿಟ್ಟಿದ್ದರೂ ಮಕ್ಕಳ ಮೂಲಕ ಹೋಳಿಗೆ ಕಳಿಸುವ ನಮ್ಮ ಹಳ್ಳಿಯ ಪದ್ಧತಿ ನೆನಪಾಗುತ್ತದೆ.

ಕೊನೆಗೆ 2025ರ ಜುಲೈ 30. ನಾಸಾ ಮತ್ತು ಇಸ್ರೋಗಳು ಕೂಡಿ ನಿರ್ಮಿಸಿದ ನಿಸಾರ್ ಎಂಬ ಭೂವೀಕ್ಷಣಾ ಉಪಗ್ರಹ ಶ್ರೀಹರಿಕೋಟೆಯಿಂದ ಹಾರಿತು. ಅದರ ಆಂಟೆನಾ 12 ಮೀಟರು, ಎಟಿಎಸ್-6ರಂತೆಯೇ ಆಕಾಶದಲ್ಲಿ ಬಿಚ್ಚಿಕೊಂಡದ್ದು. ಅದನ್ನು ಹೊತ್ತೊಯ್ದ ಜಿಎಸ್‌ಎಲ್‌ವಿ ರಾಕೆಟ್ಟಿನ ಮೇಲಿನ ಹಂತದಲ್ಲಿದ್ದುದು ನಮ್ಮ ಸ್ವದೇಶಿ ಅತಿಶೀತಲ ಎಂಜಿನು. 1992ರಲ್ಲಿ ಯಾವ ವಿದ್ಯೆ ಭಾರತಕ್ಕೆ ಸಿಗಬಾರದೆಂದು ಅಮೆರಿಕ ಅಡ್ಡಗಟ್ಟಿತೋ ಅದೇ ವಿದ್ಯೆಯ ಹೆಗಲೇರಿ ಅಮೆರಿಕದ ಬಹುಮೂಲ್ಯ ಉಪಕರಣ ಮುಗಿಲಿಗೆ ಹೋಯಿತು.

ಈಗ ಕೊಡುವವರ ಸಾಲಿನಲ್ಲಿ ನಾವೂ ನಿಂತಿದ್ದೇವೆ. 2017ರ ಮೇ 5ರಂದು ಹಾರಿದ ದಕ್ಷಿಣ ಏಷ್ಯಾ ಉಪಗ್ರಹವು ನೆರೆಯ ದೇಶಗಳಿಗೆ ಭಾರತದ ಕಾಣಿಕೆ. ಅಫಘಾನಿಸ್ತಾನ, ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾಗಳು ಅದನ್ನು ಸ್ವೀಕರಿಸಿದವು, ಪಾಕಿಸ್ತಾನ ಹೊರಗುಳಿಯಿತು. ಚೀನದ ಪ್ರಭಾವ ನಮ್ಮ ನೆರೆಯಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ಈ ಕಾಣಿಕೆ ಹೋಯಿತೆಂಬುದನ್ನು ವಾಚಕರು ಗಮನಿಸದೆ ಇರಲಾರರು. 1960ರ ದಶಕದಲ್ಲಿ ಅಮೆರಿಕ ಯಾವ ದೇಶವನ್ನು ಕಣ್ಣಮುಂದಿಟ್ಟುಕೊಂಡು ನಮಗೆ ಕೈನೀಡಿತೋ ಅದೇ ದೇಶವನ್ನು ಕಣ್ಣಮುಂದಿಟ್ಟುಕೊಂಡು ನಾವು ನೆರೆಯವರಿಗೆ ಕೈನೀಡಿದ್ದೇವೆ. ಭೂತಾನದ ರಾಜಧಾನಿ ಥಿಂಫುವಿನಲ್ಲಿ ಆ ಉಪಗ್ರಹದ ಬಳಕೆಗಾಗಿ ಭಾರತದ ನೆರವಿನಿಂದ ಭೂಕೇಂದ್ರವೊಂದು 2019ರಲ್ಲಿ ಆರಂಭವಾಯಿತು. ಅಲ್ಲಿಯ ಗುಡ್ಡದ ಹಳ್ಳಿಯೊಂದರ ಶಾಲಾಮಾಸ್ತರರೊಬ್ಬರು ಭಾರತದವರು ನಮಗೆ ಇದನ್ನು ಏಕೆ ಕೊಟ್ಟರೆಂದು ತಮ್ಮ ಲಾಮಾಗಳನ್ನು ಕೇಳಿದರೆ ಅವರೇನು ಹೇಳಬಹುದೆಂದು ನಾವು ಕೆಲವೊಮ್ಮೆ ಊಹಿಸುತ್ತೇವೆ.

ಇದಿಷ್ಟನ್ನೂ ಮುಂದಿನ ಅಮಾವಾಸ್ಯೆಗೆ ಮಹಾಕೂಟಕ್ಕೆ ಬಂದ ನಮ್ಮ ಗುರುಗಳಿಗೆ ಅದೇ ಮೆಟ್ಟಿಲಿನ ಮೇಲೆ ಕುಳಿತು ವಿವರಿಸಿದೆವು. ಚೀನ, ಪೋಖರಣ, ಕರಾರು, ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಕೇಳಿ ಸ್ವಲ್ಪ ಹೊತ್ತು ನೀರು ನೋಡುತ್ತ ಕುಳಿತರು.

“ಒಂದ್ ವರ್ಷ ಅಂತ ಮೊದಲs ಹೇಳಿದ್ರ ನಡೀತಿತ್ರಿ ಅಪ್ಪಾರ” ಎಂದರು. “ನಾ ಊರ ಮಂದಿಗೆ, ನಾಳೆ ಬರ್ತೈತಿ, ನಾಡದ ಬರ್ತೈತಿ ಅಂತ ಎರಡ ತಿಂಗಳ ಸುಳ್ಳ ಹೇಳಿದೆ.”

ಮುಗಿಲಿಗೆ ಮುಖಮಾಡಿದ್ದ ಆ ಕೊಡೆ ಏನಾಯಿತೆಂದು ನಾವು ಕೇಳಿದೆವು. ಕೆಲವು ವರ್ಷ ಹಾಗೆಯೇ ನಿಂತಿತ್ತಂತೆ. ಬಳಿಕ ಒಂದು ಮಳೆಗಾಲದಲ್ಲಿ ಬಿದ್ದಿತಂತೆ. ಅದರ ತಂತಿಬಲೆಯನ್ನು ಬಿಚ್ಚಿ ಶಾಲೆಯ ಕೈತೋಟಕ್ಕೆ, ಆಡುಗಳು ಬಾರದ ಹಾಗೆ, ಬೇಲಿ ಹಾಕಿದೆವೆಂದು ಹೇಳಿ ಅವರು ನಕ್ಕರು.